ಮುದ್ದೇಬಿಹಾಳದಲ್ಲೊಂದು ಸಾಫ್ಟ್‌ವೇರ್ ಕಂಪನಿ ಇತ್ತು

ಊರಿಗೆ ಅರ್ಥವಾಗದ ಕಸುಬು ಹಿಡಿದವನ ಬಾಳಿನಲ್ಲಿ ನಗೆಪಾಟಲಾಗುವ ಪ್ರಸಂಗಗಳಿಗೆ ಬರವಿಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ ಬಂದಿರುತ್ತಿತ್ತು. ಆಗ ನಮಗೆ ನಗು ಬರಲಿಲ್ಲ. ಈಗ ಬರುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಮ್ಮ ಕಡೆಯ ಸಹಕಾರಿ ಸೊಸೈಟಿ, ದವಾಖಾನೆ, ದಲಾಲರ ಅಡತ್ ಅಂಗಡಿಗಳಿಗೆಲ್ಲ ಕಂಪ್ಯೂಟರ್ ಬಂದಿದ್ದವು. ಅವುಗಳ ಜೊತೆಗೇ "ಕಂಪ್ಯೂಟರ್ ಭಾಳ ಸ್ಲೋ ಐತ್ರಿ" ಎಂಬ ಮಾತೂ ಬಂದಿತ್ತು. ನಾನು ಮತ್ತು ನನ್ನ ಗೆಳೆಯ ಮುದ್ದೇಬಿಹಾಳದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಖೋಲಿ ಹಿಡಿದು ಕಂಪನಿ ತೆಗೆದೆವು. ಗೆಳೆಯ ಅದಕ್ಕಾಗಿ ಕಾಲೇಜಿನ ಖಾಯಂ ನೌಕರಿ ಬಿಟ್ಟಿದ್ದ. ಬೇರೆಯವರ ಸಾಫ್ಟ್‌ವೇರ್ ಎಷ್ಟು ಚುರುಕಾಗಿ ನಡೆದಿದೆ, ಎಲ್ಲಿ ತಡವರಿಸುತ್ತಿದೆ ಎಂದು ನೋಡುತ್ತ ಕೂಡುವುದು ನಮ್ಮ ಸಾಫ್ಟ್‌ವೇರಿನ ಕೆಲಸ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ಗೆರೆ ಏರುತ್ತ ಇಳಿಯುತ್ತ ಓಡುತ್ತಿತ್ತು. ತಡವಾದರೆ ಕೆಂಪಾಗಿ ಕೀಂಯ್ ಎನ್ನುತ್ತಿತ್ತು.

ಮಾಲಕರ ಅಳಿಯ

ಖೋಲಿಯ ಮಾಲಕರು, ಅಂದರೆ ಕೆಳಗಿನ ಗೊಬ್ಬರದ ಅಂಗಡಿಯವರು, ಒಂದು ದಿನ ಮೇಲೆ ಬಂದು ಕೂತರು.

"ಅಲ್ರೀ, ನಿಮ್ಮ ಸಾಫ್ಟ್‌ವೇರ್ ಏನ್ ಮಾಡತೈತಿ?"

"ಬ್ಯಾರೇ ಸಾಫ್ಟ್‌ವೇರ್ ಹೆಂಗ ಕೆಲಸ ಮಾಡಾಕತ್ತೈತಿ ಅಂತ ನೋಡತೈತ್ರಿ."

"ಅಂದ್ರ ತಾ ಏನೂ ಮಾಡಂಗಿಲ್ಲ?"

"ಇಲ್ರಿ."

"ಮಂದಿ ದುಡಿಯೂದು ನೋಡಕೋಂತ ಕುಂದ್ರತೈತಿ. ತಡಾ ಆದ್ರ ಒದರತೈತಿ."

"ಹೌದ್ರಿ."

ಅವರು ಎದ್ದು ಧೋತರ ಝಾಡಿಸಿದರು. "ಅಂಥಾಂವ ನಮ್ಮ ಮನ್ಯಾಗ ಒಬ್ಬ ಅದಾನ್ರಿ, ನನ್ನ ಅಳಿಯ. ಅಂವನ್ನೂ ಯಾವದರೆ ಆಫೀಸಿಗೆ ಹಚ್ಚಿಕೊಡ್ರಿ."

ಕೆಂಪು ಬಂತು

ನಮ್ಮ ಮೊದಲ ಗಿರಾಕಿ ಸಿಂದಗಿಯ ಒಂದು ಸೊಸೈಟಿ. ಕೆಂಪು ಬಂದ ಕೂಡಲೇ ಯಾವ ಕೆಲಸ ತಡೆದಿದೆ ಎಂದು ನೋಡಿ ಸರಿಮಾಡಬೇಕು ಎಂದು ಗೆಳೆಯ ಅಲ್ಲಿಯ ಕ್ಲಾರ್ಕುಗಳಿಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟ. ಎಲ್ಲರೂ ತಲೆಯಾಡಿಸಿದರು.

ತಿಂಗಳು ಬಿಟ್ಟು ಹೋದರೆ ಕೌಂಟರಿನಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಎದುರಿನ ಹೋಟೆಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

"ಕೆಂಪು ಬಂತ್ರಿ, ಎದ್ದು ಬಂದ್ವಿ," ಎಂದರು ಹಿರಿಯ ಕ್ಲಾರ್ಕು. "ಮೊದಲ ಸ್ಲೋ ಇದ್ರೂ ತಿಳೀತಿರಲಿಲ್ಲ, ಸುಮ್ಮನ ದುಡೀತಿದ್ವಿ. ನಿಮ್ಮಿಂದ ಭಾಳ ಪುಣ್ಯಾ ಆತ್ರಿ."



ಇಂಡಿಯ ಲಿಂಬಿಹಣ್ಣು

ಇಂಡಿ ಪಟ್ಟಣದ ಲಿಂಬಿಹಣ್ಣಿನ ಸಾಹುಕಾರರು ಮಾತ್ರ ನಮ್ಮನ್ನು ಪ್ರೀತಿಯಿಂದ ಕರೆಸಿದರು. ಅಂಗಡಿಯ ಕಂಪ್ಯೂಟರಿಗೆ ನಮ್ಮದನ್ನು ಹಾಕಿ ಬಂದೆವು. ವಾರದೊಳಗೆ ಫೋನ್ ಬಂತು: "ಮೊದಲ ಕುಂಟತಿತ್ತು, ಈಗ ತೆವಳಾಕತ್ತೈತ್ರಿ."

ಓಡಿಹೋದೆವು. ಗೆಳೆಯ ಉಮೇದಿನಿಂದ, "ಯಾರ ತಪ್ಪು ಅಂತ ಈಗ ಅದ ಹೇಳತೈತಿ ನೋಡ್ರಿ," ಎಂದು ಗುಂಡಿ ಒತ್ತಿದ. ಯಂತ್ರದ ಶಕ್ತಿಯನ್ನೆಲ್ಲ ತಿನ್ನುತ್ತಿದ್ದುದರ ಹೆಸರು ದಪ್ಪ ಅಕ್ಷರದಲ್ಲಿ ಬಂತು. ಅದು ನಮ್ಮ ಸಾಫ್ಟ್‌ವೇರಿನದೇ.

ಸಾಹುಕಾರರು ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು. "ಪಾಪ, ಸುಳ್ಳ ಹೇಳಂಗಿಲ್ಲ ಅದು," ಎಂದು ಒಂದು ಚೀಲ ಹಣ್ಣು ತುಂಬಿಸಿ ಕೊಟ್ಟರು.

"ಇಷ್ಟ್ಯಾಕ್ರಿ ಸಾವಕಾರ್ರ?"

"ಇಬ್ಬರ ಅದೀರಲ್ಲ, ತಲಿಗೆ ತಿಕ್ಕೊಳ್ಳಾಕ ಬೇಕಾಗತಾವ."

ಬಾಗೇವಾಡಿ ದವಾಖಾನೆ

ಆ ಹೊತ್ತಿಗೆ ಕಂಪನಿಯ ಉಸಿರು ಸಣ್ಣದಾಗಿತ್ತು. ಪುಣೆಯ ಒಬ್ಬ ದೊಡ್ಡ ಉದ್ಯಮಿ ನೋಡಲು ಬರುತ್ತೇನೆಂದರು. ಅವರಿಗೆ ಹಿಡಿಸಿದರೆ ಕಂಪನಿಯನ್ನು ಕೊಂಡು ನಮ್ಮಿಬ್ಬರನ್ನೂ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ನಮ್ಮದು ತಕರಾರಿಲ್ಲದೆ ನಡೆದಿದ್ದುದು ಬಸವನ ಬಾಗೇವಾಡಿಯ ಒಂದು ಖಾಸಗಿ ದವಾಖಾನೆಯಲ್ಲಿ ಮಾತ್ರ. ಅವರನ್ನು ಅಲ್ಲಿಗೇ ಕರೆದೊಯ್ದೆವು.

ಬಿಲ್ ಮಾಡುವ ಕಂಪ್ಯೂಟರ್ ಒಳಗಿನ ಕೋಣೆಯಲ್ಲಿತ್ತು. ಅದನ್ನು ಕಾಯುವ ನಮ್ಮ ಪರದೆ ಹೊರಗಿನ ಕೌಂಟರಿನ ಮೇಲೆ, ಬೆಂಚಿನಲ್ಲಿ ಕೂತ ಮಂದಿಗೆ ಕಾಣುವಂತೆ ಇತ್ತು. ಹಸಿರು ಗೆರೆ ಚಂದವಾಗಿ ಓಡುತ್ತಿತ್ತು. ಉದ್ಯಮಿ ಕನ್ನಡಕ ಏರಿಸಿ "ಅಚ್ಛಾ, ಅಚ್ಛಾ" ಎನ್ನತೊಡಗಿದರು. ಗೆಳೆಯ ನನ್ನ ಕೈ ಹಿಡಿದುಕೊಂಡ.

ಕರೆಂಟ್ ಹೋಯಿತು.

ಒಳಗಿನ ಕಂಪ್ಯೂಟರ್ ಸತ್ತಿತು. ಕೌಂಟರಿನದಕ್ಕೆ ಇನ್ವರ್ಟರ್ ಇದ್ದುದರಿಂದ ಪರದೆ ಉಳಿಯಿತು. ಆದರೆ ಓಡುತ್ತಿದ್ದ ಗೆರೆ ನೆಟ್ಟಗೆ ಮಲಗಿ, ಕೆಂಪಾಗಿ, ಕೀಂಯ್ ಎಂದು ಎಳೆಯತೊಡಗಿತು.

ಬೆಂಚಿನ ತುದಿಯಲ್ಲಿದ್ದ ಒಬ್ಬ ಮುದುಕಿ ಆಯಿ ಎದೆ ಬಡಿದುಕೊಂಡಳು. "ಅಯ್ಯಯ್ಯೋ! ಹೋತ್ರೇ ಯವ್ವಾ, ಜೀವಾ ಹೋತು!"

ಅಷ್ಟು ದಿನ ಅವರೆಲ್ಲ ಅದನ್ನು ಒಳಗೆ ಮಲಗಿದ ಪೇಶಂಟಿನ ಎದೆಬಡಿತ ಎಂದೇ ನೋಡುತ್ತಿದ್ದರು! ಒಳಗೆ ಯಾರಿದ್ದಾರೋ, ಎಲ್ಲರಿಗೂ ತಮ್ಮ ತಮ್ಮವರದೇ ಭಯ. ಹಾಲ್ ತುಂಬ ಅಳು ಎದ್ದಿತು. ಡಾಕ್ಟರು ಹೊರಗೆ ಬಂದು, "ಯಾರೂ ಸತ್ತಿಲ್ರೀ, ಬಿಲ್ಲಿನ ಕಂಪ್ಯೂಟರ್ ಬಂದ್ ಆಗೈತಿ!" ಎಂದು ಕೂಗಿದರೂ ಕೇಳುವವರಿಲ್ಲ. ಉದ್ಯಮಿ ಕನ್ನಡಕ ಜೇಬಿಗಿಟ್ಟು, "ಆಮೇಲೆ ತಿಳಿಸುತ್ತೇವೆ," ಎಂದು ಕಾರು ಹತ್ತಿದರು. ಆ 'ಆಮೇಲೆ' ಎಂದರೆ ಏನೆಂದು ನಮಗೆ ಗೊತ್ತಿತ್ತು.

ಕರೆಂಟ್ ಬಂತು, ತಮ್ಮ ತಮ್ಮವರು ಬದುಕಿರುವುದನ್ನು ನೋಡಿ ಜನ ಸಮಾಧಾನವಾದರು. ನಾವಿಬ್ಬರು ಮಾತ್ರ ಹೊರಗಿನ ಕಟ್ಟೆಯ ಮೇಲೆ ಮುಖ ಕೆಳಗೆ ಹಾಕಿ ಕೂತಿದ್ದೆವು. ಅದೇ ಆಯಿ ಹತ್ತಿರ ಬಂದು ಗೆಳೆಯನ ಬೆನ್ನ ಮೇಲೆ ಕೈಯಿಟ್ಟಳು.

"ಅಂದ್ರ ನಿಮ್ಮವರಾ ತಮ್ಮಾ ಹೋದವರು?"

ಗೆಳೆಯ ತಲೆ ಎತ್ತದೆ, "ಹೂಂ ಆಯಿ," ಎಂದ. "ನಮ್ಮ ಕೈಯಾಗ ಹುಟ್ಟಿದ್ದು."

"ಎಷ್ಟ ವರ್ಸ ಆಗಿತ್ತಪಾ?"

"ಎರಡ ತುಂಬಿರಲಿಲ್ಲ."

"ಅಯ್ಯ ನನ್ ಶಿವನ! ಹಾಲ ಕುಡಿಯೂ ಕೂಸ!" ಎಂದು ಆಯಿ ನಮ್ಮಿಬ್ಬರ ನಡುವೆ ಕೂತು, ಸೆರಗು ಬಾಯಿಗಿಟ್ಟು ಮತ್ತೆ ಹೊಸದಾಗಿ ಅಳತೊಡಗಿದಳು.

ಅಲ್ಲ ಆಯಿ ಎಂದು ಹೇಳಲು ನಾನು ಬಾಯಿ ತೆರೆದೆ. ಗೆಳೆಯ ನನ್ನ ತೊಡೆ ಚಿವುಟಿದ.

"ಅಳಲಿ ಬಿಡೋ," ಎಂದ. "ನಮ್ಮ ಕಂಪನಿ ಸಲುವಾಗಿ ಬ್ಯಾರೇ ಯಾರ ಅಳತಾರ?"