ನೆರೆ ಬಂದಂತೆ ಪ್ಲಗಿನ್ ಖಾಲಿ ಮಾಡಿದ್ದು

ಬಂಟ್ವಾಳದಲ್ಲಿ ಅಂಗಡಿ ಇಟ್ಟವನಿಗೆ ಒಂದು ವಿದ್ಯೆ ಯಾರೂ ಕಲಿಸದೆಯೇ ಬರುತ್ತದೆ: ಅಂಗಡಿ ಖಾಲಿ ಮಾಡುವುದು. ನೇತ್ರಾವತಿ ಏರುತ್ತಿದೆ ಎಂದು ಯಾರಾದರೂ ಹೇಳಿದರೆ ನಾವು ಗಾಬರಿಯಾಗುವುದಿಲ್ಲ. ಮೊದಲು ಮೊಬೈಲಿನಲ್ಲಿ ಕಪಾಟುಗಳ ಫೋಟೋ ಹೊಡೆಯುತ್ತೇವೆ. ಆಮೇಲೆ ಇದ್ದಬದ್ದದ್ದನ್ನೆಲ್ಲ ಅಟ್ಟಕ್ಕೆ ಏರಿಸುತ್ತೇವೆ. ನೆರೆ ಇಳಿದ ಮೇಲೆ ಕೆಸರು ತೊಳೆದು, ಫೋಟೋ ನೋಡಿಕೊಂಡು, ಯಾವುದು ಎಲ್ಲಿತ್ತೋ ಅಲ್ಲಿಯೇ ಇಡುತ್ತೇವೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಪೇಟೆಯಲ್ಲಿ ಕಡಿಮೆ. ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಈ ವಿದ್ಯೆಯೇ ಕಾರಣ.

ನನ್ನದು ಸಮಾರಂಭಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ನನ್ನ ಹೆಸರು ಅಬ್ಬಾಸ್, ಊರವರ ಬಾಯಲ್ಲಿ ಗೌರವಕ್ಕೆ ಅಬ್ಬಾಸಾಕ. ಅಬ್ಬಾಸಾಕನ ಬಿರಿಯಾನಿ ಕೊಪ್ಪರಿಗೆ ಎಂದರೆ ಬೆಳ್ತಂಗಡಿಯವರೆಗೂ ಜನ ಬಲ್ಲರು. ಹೊಳೆಯ ಆಚೆ ಪಾಣೆಮಂಗಳೂರಿನಲ್ಲಿ ಹಮೀದಾಕ ಎಂಬ ಹಿರಿಯರದ್ದೂ ಇದೇ ವ್ಯಾಪಾರ. ಅವರ ಪಾತ್ರೆಗಳು ನನ್ನವಕ್ಕಿಂತ ಹಳೆಯವು, ಆದರೆ ಹೊಳಪು ಹೆಚ್ಚು. ಅವರನ್ನು ಹಿಂದೆ ಹಾಕಲೆಂದೇ ನಾನು ವೆಬ್‌ಸೈಟ್ ಮಾಡಿಸಿದೆ. ದಿನ ಆರಿಸಿ, ಪಾತ್ರೆ ಆರಿಸಿ, ಗುಂಡಿ ಒತ್ತಿದರೆ ಬುಕಿಂಗ್ ಮುಗಿಯಿತು. ಒಂದು ಶುಕ್ರವಾರ ಮಸೀದಿಯ ಮೆಟ್ಟಿಲಲ್ಲಿ ಸಿಕ್ಕಾಗ ಅವರಿಗೂ ಬುದ್ಧಿ ಹೇಳಿದೆ.

"ನೀವೂ ಒಂದು ವೆಬ್‌ಸೈಟ್ ಮಾಡಿಸಿ ಹಮೀದಾಕ. ಕಾಲ ಬದಲಾಗಿದೆ."

"ನನಗೆ ಫೋನ್ ಉಂಟು, ಬಾಯಿ ಉಂಟು. ಸಾಕು ಮಾರಾಯ," ಎಂದು ಅವರು ಚಪ್ಪಲಿ ಹುಡುಕತೊಡಗಿದರು. ನನಗೆ ಅವರ ಮೇಲೆ ಕನಿಕರ ಹುಟ್ಟಿತು.

ಅಂದಿನಿಂದ ನಾನು ಫೋನಿನಲ್ಲಿ ಬುಕಿಂಗ್ ತೆಗೆದುಕೊಳ್ಳುವುದನ್ನೇ ಬಿಟ್ಟೆ. ಸಿಸ್ಟಮ್ ಅಂದರೆ ಸಿಸ್ಟಮ್. ನನ್ನ ಹೆಂಡತಿ ಮೈಮುನಾಳ ಅಣ್ಣ ರಫೀಕ್ ಸೌದಿಯ ದಮಾಮಿನಿಂದ ಫೋನ್ ಮಾಡಿ, "ಭಾವ, ಮಗಳು ಶಿಫಾಳ ಮದುವೆಗೆ ಪಾತ್ರೆ..." ಎಂದು ಶುರು ಮಾಡುವಷ್ಟರಲ್ಲಿ ನಾನು ತಡೆದೆ.

"ಏನಿದ್ದರೂ ವೆಬ್‌ಸೈಟಿನಲ್ಲಿ ಹಾಕು ರಫೀಕ್. ಮನೆಯವರಿಗೆ ಒಂದು, ಹೊರಗಿನವರಿಗೆ ಒಂದು ಅಂತ ಮಾಡ್ಲಿಕ್ಕೆ ಆಗುದಿಲ್ಲ."

ಮದುವೆ ಭಾನುವಾರ, ದೊಡ್ಡ ಸಭಾಂಗಣದಲ್ಲಿ. ಸಭಾಂಗಣಕ್ಕೆ ಅದರದ್ದೇ ಪಾತ್ರೆಗಳಿವೆ. ಬಹುಶಃ ನಾಲ್ಕು ತಟ್ಟೆ ಕೇಳುತ್ತಿದ್ದಾನೆ ಎಂದುಕೊಂಡು ನಾನು ಆ ವಿಷಯವನ್ನು ತಲೆಯಿಂದ ತೆಗೆದುಹಾಕಿದೆ.

ಹೀಗಿರುವಾಗ ವೆಬ್‌ಸೈಟಿಗೆ ಸುಸ್ತು ಹಿಡಿಯಿತು. ತೆರೆಯಲು ಒತ್ತಿ, ಚಹಾ ಕುಡಿದು ಬಂದರೂ ಅರ್ಧವೇ ತೆರೆದಿರುತ್ತಿತ್ತು. ಅದನ್ನು ಮಾಡಿಕೊಟ್ಟವನು ಮೂಡುಬಿದಿರೆಯ ಪ್ರಸನ್ನ. ಒಳ್ಳೆಯ ಹುಡುಗ, ಆದರೆ ಫೋನ್ ಮಾಡಿದಾಗಲೆಲ್ಲ ಯಾರದೋ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಿರುತ್ತಾನೆ.

"ಪ್ಲಗಿನ್ ಜಾಸ್ತಿ ಆಗಿದೆ ಅಬ್ಬಾಸಾಕ. ಬೇಡದ್ದನ್ನು ತೆಗೀರಿ. ಆದ್ರೆ ಮೊದಲು ಬ್ಯಾಕಪ್ ಇಟ್ಕೊಳ್ಳಿ. ಪಾಯಸ ಬಂತು, ಇಡ್ತೇನೆ."

ಪ್ಲಗಿನ್ ಎಂದರೆ ವೆಬ್‌ಸೈಟಿಗೆ ಹೊರಗಿನಿಂದ ತಂದು ಜೋಡಿಸುವ ಸಾಮಾನು. ದಿನ ಕಾದಿರಿಸಲು ಒಂದು, ಫೋಟೋ ತೋರಿಸಲು ಒಂದು, ಗಿರಾಕಿಗಳ ಮೆಚ್ಚುಗೆ ಹಾಕಲು ಒಂದು. ಎಲ್ಲಿಯದೋ ಪರದೇಶಿಗಳು ಓದಲಾಗದ ಲಿಪಿಯಲ್ಲಿ ಕೊಪ್ಪರಿಗೆ ಬುಕ್ ಮಾಡತೊಡಗಿದ ಮೇಲೆ, ಬಂದವರು ಮನುಷ್ಯರೇ ಹೌದೋ ಎಂದು ಪರೀಕ್ಷಿಸಲು ಪ್ರಸನ್ನ ಇನ್ನೊಂದನ್ನು ಹಾಕಿದ್ದ. ಇನ್ನೊಂದು, ಚಂದವಿದೆಯೆಂದು ನಾನೇ ಹಾಕಿದ್ದು: ಪರದೆಯ ಮೇಲೆ ಹೂ ಉದುರುವ ಪ್ಲಗಿನ್. ಅದು ಸಾವಿನ ಮನೆಯವರು ಬಂದರೂ ಹೂ ಉದುರಿಸುತ್ತಿತ್ತು.

ಬೇಡದ್ದು ಯಾವುದು ಎಂದು ಹುಡುಕುತ್ತಾ ಕೂರುವುದು ಬಂಟ್ವಾಳದ ಕ್ರಮವಲ್ಲ. ನೆರೆ ಬಂದಾಗ ನಾವು ಆರಿಸುತ್ತೇವೆಯೇ? ಎಲ್ಲವನ್ನೂ ಎತ್ತುತ್ತೇವೆ. ಆದ್ದರಿಂದ ಮೊದಲು ಬ್ಯಾಕಪ್ ಇಟ್ಟುಕೊಂಡೆ. ಅಂದರೆ ಕಂಪ್ಯೂಟರಿನ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಮೊಬೈಲಿನಲ್ಲಿ ಫೋಟೋ ಹೊಡೆದೆ. ಸ್ಪಷ್ಟವಾಗಿ ಬಂದಿತ್ತು. ಮೇಜಿನ ಮೇಲಿದ್ದ ಬಿಸ್ಕತ್ತೂ ಕಾಣುತ್ತಿತ್ತು.

ಅನಂತರ ಒಂದೊಂದನ್ನೇ ಅಳಿಸತೊಡಗಿದೆ. ಬ್ಯಾಕಪ್ ಎಂಬ ಹೆಸರಿನದೇ ಒಂದು ಪ್ಲಗಿನ್ ಇತ್ತು. ನಾನು ನೋಡಿದ ಮಟ್ಟಿಗೆ ಅದು ಏನೂ ಮಾಡದೆ ಸುಮ್ಮನೆ ಕೂತಿತ್ತು. ಹೇಗೂ ನನ್ನ ಬ್ಯಾಕಪ್ ನನ್ನ ಜೇಬಿನಲ್ಲಿದೆ ಎಂದು ಅದನ್ನೇ ಮೊದಲು ಹೊರಗೆ ಹಾಕಿದೆ. ಬುಕಿಂಗ್ ಪ್ಲಗಿನ್ ಮಾತ್ರ ಹೋಗುವ ಮುಂಚೆ, "ಇದರೊಳಗಿನ ಮಾಹಿತಿಯನ್ನೂ ಅಳಿಸಲೇ?" ಎಂದು ಇಂಗ್ಲಿಷಿನಲ್ಲಿ ಕೇಳಿತು. ನೆರೆ ಬಂದಾಗ ಕಪಾಟು ಎತ್ತಿ ಸಾಮಾನು ಕೆಳಗೆ ಬಿಡುವವರುಂಟೇ? ಹೌದು ಎಂದು ಒತ್ತಿದೆ.

ಸ್ವಲ್ಪ ಹೊತ್ತು ಬಿಟ್ಟು, ನೀರು ಇಳಿದಿರಬಹುದು ಎಂಬ ಅಂದಾಜಿನಲ್ಲಿ, ಫೋಟೋ ನೋಡಿಕೊಂಡು ಎಲ್ಲವನ್ನೂ ಅದೇ ಸಾಲಿನಲ್ಲಿ ಮತ್ತೆ ಹಾಕಿದೆ. ಹೂವಿನದ್ದನ್ನು ಬಿಟ್ಟೆ. ಏನು ಹೇಳಲಿ, ವೆಬ್‌ಸೈಟ್ ಓಡಿದ್ದೇ ಓಡಿದ್ದು! ಹೊರಲು ಅದಕ್ಕೆ ಏನೂ ಉಳಿದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಕ್ಯಾಲೆಂಡರ್ ತೆರೆದರೆ ಎಲ್ಲ ದಿನಗಳೂ ಹಸಿರು, ಗದ್ದೆಯ ಹಾಗೆ. ನೋಡಿ ಕಣ್ಣು ತಂಪಾಯಿತು.

ಆ ಸಂಜೆಯೇ ಪುಂಜಾಲಕಟ್ಟೆಯ ರಬ್ಬರ್ ಬೆಳೆಗಾರ ಸಂಜೀವಣ್ಣನ ಫೋನ್ ಬಂತು.

"ಅಬ್ಬಾಸಾಕ, ಶನಿವಾರ ನಮ್ಮಲ್ಲಿ ಬೀಗರ ಔತಣ. ಕೊಪ್ಪರಿಗೆ ಬೇಕಿತ್ತು. ನಿಮ್ಮ ವೆಬ್‌ಸೈಟಿನಲ್ಲಿ ಒಂದು ಪರೀಕ್ಷೆ ಉಂಟಲ್ಲ, ನಾನು ಅದರಲ್ಲಿ ಫೇಲ್ ಆಗ್ತಾ ಇದ್ದೇನೆ. ಫೈರ್ ಹೈಡ್ರಂಟ್ ಇರುವ ಚಿತ್ರ ಒತ್ತಬೇಕಂತೆ. ಅದು ಎಂತದು?"

ನಾನೂ ಜೀವಮಾನದಲ್ಲಿ ಕಂಡವನಲ್ಲ. ಆದರೆ ವೆಬ್‌ಸೈಟಿನ ಯಜಮಾನ ಹಾಗೆ ಹೇಳಬಹುದೇ?

"ಕೆಂಪಗೆ, ಗಿಡ್ಡಕೆ, ರಸ್ತೆ ಬದಿಯಲ್ಲಿ ನಿಂತಿರ್ತದೆ."

"ಅಂಚೆ ಡಬ್ಬಿಯಾ?"

"ಅದರ ತಮ್ಮ ಅಂತ ಇಟ್ಟುಕೊಳ್ಳಿ."

ಪಾಪ, ಅವರು ಒತ್ತಿದರು. ಫೇಲ್ ಆದರು. ಮತ್ತೆ ಒತ್ತಿದರು. ಆಮೇಲೆ ಪರೀಕ್ಷೆ ಮೋಟಾರ್ ಸೈಕಲಿಗೆ ಬದಲಾಯಿತು, ಅದರಿಂದ ಝೀಬ್ರಾ ಪಟ್ಟಿಗೆ. ನಾನು ಊಟ ಬಿಟ್ಟು ಫೋನ್ ಹಿಡಿದು ಅವರನ್ನು ಪಾಸು ಮಾಡಿಸಿದೆ. ಶನಿವಾರದ ಕೊಪ್ಪರಿಗೆಗಳು ಅವರ ಹೆಸರಿಗೆ ಆದವು. ಶುಕ್ರವಾರ ಬೆಳಿಗ್ಗೆಯೇ ಎಲ್ಲವನ್ನೂ ಟೆಂಪೋದಲ್ಲಿ ಏರಿಸಿ ಪುಂಜಾಲಕಟ್ಟೆಗೆ ಕಳಿಸಿ, ಕೈ ಕೊಡವಿದೆ.

ಶುಕ್ರವಾರ ಮಧ್ಯಾಹ್ನ ಮೈಮುನಾಳ ತವರಿನಲ್ಲಿ ಊಟ. ಊರಿಗೆ ಬಂದಿದ್ದ ರಫೀಕ್ ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕುತ್ತಾ ಕೇಳಿದ.

"ಭಾವ, ನಾಳೆ ಗಾಡಿ ಎಷ್ಟು ಗಂಟೆಗೆ ಬರ್ತದೆ?"

"ಯಾವ ಗಾಡಿ?"

"ಪಾತ್ರೆಯ ಗಾಡಿ. ನಾಳೆ ಮದರಂಗಿಗೆ ಮನೆಯಲ್ಲೇ ಬಿರಿಯಾನಿ ಅಲ್ವಾ. ಊರಿಡೀ ಕರೆದಿದ್ದೇನೆ."

ಅವನು ಮೊಬೈಲ್ ತೆಗೆದು ತೋರಿಸಿದ. ಮದುಮಗಳ ಕೈಗೆ ಮದರಂಗಿ ಹಾಕುವ ಶನಿವಾರಕ್ಕೆ, ನನ್ನ ಕೊಪ್ಪರಿಗೆಗಳೆಲ್ಲ, ನಾನು ಪ್ಲಗಿನ್ ಅಳಿಸುವ ಎಷ್ಟೋ ಮೊದಲೇ ಬುಕ್ ಆಗಿದ್ದವು. ಕೆಳಗೆ ನನ್ನದೇ ವೆಬ್‌ಸೈಟ್ ಹಸಿರು ಅಕ್ಷರದಲ್ಲಿ ಧನ್ಯವಾದ ಹೇಳಿತ್ತು.

ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿಕೊಂಡಿತು ಎಂದು ಕೆಮ್ಮುತ್ತಾ ಎದ್ದು ಹೊರಗೆ ಬಂದೆ. ಪ್ರಸನ್ನನಿಗೆ ಫೋನ್ ಮಾಡಿದೆ. ಅವನು ಯಾರದೋ ಉಪನಯನದಲ್ಲಿದ್ದ.

"ಹೆದರಬೇಡಿ ಅಬ್ಬಾಸಾಕ, ಬ್ಯಾಕಪ್ ಉಂಟಲ್ಲ?"

"ಉಂಟು. ಈಗಲೇ ಕಳಿಸ್ತೇನೆ."

ಫೋಟೋಗಳನ್ನು ಕಳಿಸಿದೆ. ಅವನು ಒಂದೊಂದನ್ನೇ ತೆರೆದು ನೋಡಿದ. ಕೊನೆಗೆ, "ಬಿಸ್ಕತ್ತು ಚೆನ್ನಾಗಿ ಬಂದಿದೆ," ಎಂದ.

ತಿರುಗಿ ನೋಡಿದರೆ ಮೈಮುನಾ ನಿಂತಿದ್ದಳು. ನಮ್ಮ ಮಾತು ಬ್ಯಾರಿ ಭಾಷೆಯಲ್ಲಿ ನಡೆಯಿತು. ಕನ್ನಡಕ್ಕೆ ತರುವಾಗ ಅದರ ಖಾರ ಅರ್ಧಕ್ಕರ್ಧ ಇಳಿದಿದೆ.

"ಈ ಮನೆಯಲ್ಲಿ ಯಾರು ನಿಮ್ಮ ಬಗ್ಗೆ ಎಂತ ಹೇಳಿದ್ರೂ ನಾನು ಬಿಟ್ಟುಕೊಟ್ಟವಳಲ್ಲ. ನಮ್ಮ ಇವರದ್ದು ಎಲ್ಲ ಸಿಸ್ಟಮ್ ಅಂತ ಹೇಳಿದ್ದೇನೆ. ನಾಳೆ ಶಿಫಾಳ ಮದರಂಗಿಗೆ ಅಕ್ಕಿ ಎಲ್ಲಿ ಬೇಯಿಸುದು? ನಿಮ್ಮ ಕಂಪ್ಯೂಟರಿನಲ್ಲಾ?"

ಅವಳ ಕಣ್ಣಲ್ಲಿ ನೀರು ಇತ್ತು. ಸಿಟ್ಟಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮದುವೆಯಾದ ಮೇಲೆ ಮೊದಲ ಬಾರಿಗೆ ನನಗೆ ಅವಳ ಮುಖ ನೋಡಲು ನಿಜವಾಗಿ ನಾಚಿಕೆಯಾಯಿತು.

ಪುಂಜಾಲಕಟ್ಟೆಗೆ ಹೋದೆ. ಸಂಜೀವಣ್ಣನ ಅಂಗಳದಲ್ಲಿ ನನ್ನ ಕೊಪ್ಪರಿಗೆಗಳು ಸಾಲಾಗಿ ಕೂತಿದ್ದವು. ಅವರು ಎಳನೀರು ಕೊಟ್ಟು, ನನ್ನ ಕಥೆಯನ್ನು ಪೂರ್ತಿ ಕೇಳಿ, ತಲೆ ಅಲ್ಲಾಡಿಸಿದರು.

"ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ. ಆದ್ರೆ ನಾನು ಪರೀಕ್ಷೆ ಪಾಸಾದವ ಅಬ್ಬಾಸಾಕ. ಪಾಸು ಮಾಡಿಸಿದ್ದೂ ನೀವೇ."

ನ್ಯಾಯವಾದ ಮಾತು. ಎಳನೀರು ಮುಗಿಸಿ ಎದ್ದೆ.

ಇನ್ನು ಉಳಿದದ್ದು ಪಾಣೆಮಂಗಳೂರು. ಸೇತುವೆ ದಾಟುವಾಗ ಕೆಳಗೆ ನೇತ್ರಾವತಿ ಏನೂ ಅರಿಯದವಳಂತೆ ಹರಿಯುತ್ತಿದ್ದಳು. ಹಮೀದಾಕ ಅಂಗಡಿಯಲ್ಲಿ ಕೂತು ಸಟ್ಟುಗಗಳನ್ನು ಉಜ್ಜಿಸುತ್ತಿದ್ದರು. ನಾನು ಹೇಗೆ ಶುರು ಮಾಡಲಿ ಎಂದು ತಡವರಿಸಿ, ವ್ಯವಸ್ಥೆಯ ಉನ್ನತೀಕರಣದ ಸಂದರ್ಭದಲ್ಲಿ ಉಂಟಾದ ತಾಂತ್ರಿಕ ಅಡಚಣೆಯ ನಿಮಿತ್ತ, ಎಂದು ಆರಂಭಿಸಿದೆ.

"ಕೊಪ್ಪರಿಗೆ ಬೇಕಾ?" ಎಂದರು.

"ಹೌದು."

"ಅಷ್ಟೇ ಅಲ್ವಾ. ಹಿಂದೆ ನೆರೆ ಬಂದಾಗ ನನ್ನ ಸಾಮಾನು ನಿನ್ನ ಅಟ್ಟದಲ್ಲಿ ಇರ್ಲಿಲ್ವಾ? ತಗೊಂಡು ಹೋಗು."

ವೆಬ್‌ಸೈಟಿನ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶನಿವಾರ ಕೊಪ್ಪರಿಗೆಗಳು ರಫೀಕನ ಅಂಗಳಕ್ಕೆ ಬಂದು ಇಳಿದವು. ಬಾಡಿಗೆ ಪಾತ್ರೆಗಳಿಗೆಲ್ಲ ಮಾಲಕರ ಹೆಸರು ಬರೆಯುವ ಕ್ರಮ ನಮ್ಮಲ್ಲಿದೆ, ಅದಲುಬದಲಾಗಬಾರದಲ್ಲ. ಹಮೀದಾಕ ಬರೆಸಿದ್ದು ಮೊಳದುದ್ದದ ಕೆಂಪು ಅಕ್ಷರಗಳಲ್ಲಿ: ಹೆಸರು, ಊರು, ಕೆಳಗೆ ಫೋನ್ ನಂಬರ್. ಮೈಮುನಾಳ ಇಡೀ ಕುಟುಂಬ ಆ ಅಂಗಳದಲ್ಲಿ ಓಡಾಡುತ್ತಿತ್ತು. ಅಡುಗೆಯವರಿಗೆ ಹೇಳಿ ಒಂದನ್ನು ಬಿಟ್ಟು ಉಳಿದವುಗಳ ಹೆಸರನ್ನು ಗೋಡೆಯ ಕಡೆಗೆ ತಿರುಗಿಸಿದೆ. ಎಲ್ಲಕ್ಕಿಂತ ದೊಡ್ಡದರ ಅಡಿಗೆ ಆಗಲೇ ಬೆಂಕಿ ಹಾಕಿದ್ದರು, ತಿರುಗಿಸುವಂತಿರಲಿಲ್ಲ. ಅದರ ಮುಂದೆ ನಾನೇ ನಿಂತೆ.

ಬೆನ್ನಿಗೆ ಬೆಂಕಿ, ಎದುರಿಗೆ ನೆಂಟರು. ಮದರಂಗಿಯ ಹಾಡು ಕೇಳಿತು, ನೋಡಲು ಹೋಗಲಿಲ್ಲ. ಶರಬತ್ತು ಬಂತು, ನಿಂತಲ್ಲೇ ಕುಡಿದೆ. ಮೈಮುನಾಳ ಚಿಕ್ಕಮ್ಮ ಎರಡು ಸಲ ಬಂದು ನೋಡಿ ಹೋದರು.

"ಪಾಪ, ಅಬ್ಬಾಸನಿಗೆ ಎಷ್ಟು ಹಸಿವಾಗಿದೆ ನೋಡು. ಬಿರಿಯಾನಿಯ ಹತ್ತಿರದಿಂದ ಕದಲುದೇ ಇಲ್ಲ."

ಮೈಮುನಾ ದೂರದಿಂದ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳು ಎಂದು ತಿಳಿದಾಗ ಬೆನ್ನಿನ ಉರಿ ಸ್ವಲ್ಪ ಕಡಿಮೆಯಾಯಿತು. ಬಿರಿಯಾನಿ ಚೆನ್ನಾಗಿಯೇ ಆಯಿತು. ಊರು ಉಂಡಿತು, ಮರುದಿನ ಶಿಫಾಳ ಮದುವೆಯೂ ಆಯಿತು. ಉಳಿದ ಗಿರಾಕಿಗಳಿಗೆ, ತಾವು ಯಾವ ದಿನ ಬುಕ್ ಮಾಡಿದ್ದೀರೆಂದು ದಯವಿಟ್ಟು ಫೋನ್ ಮಾಡಿ ತಿಳಿಸಬೇಕೆಂದು ವಾಟ್ಸಾಪಿನಲ್ಲಿ ಬೇಡಿಕೊಂಡೆ. ಸಿಸ್ಟಮ್ ಮತ್ತೆ ಫೋನಿಗೂ ಬಾಯಿಗೂ ಬಂದು ನಿಂತಿತು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ರಫೀಕನಿಗೆ ಭಾವನ ಮೇಲೆ ಅಭಿಮಾನ ಉಕ್ಕಿತು. ದಮಾಮಿಗೆ ಹೋದವನೇ ನನ್ನ ವೆಬ್‌ಸೈಟಿಗೆ ಬಂದು, ಪಾತ್ರೆಗಳು ಬಹಳ ಶುಚಿಯಾಗಿದ್ದವು ಎಂದು ಬರೆದು, ಒಂದು ಫೋಟೋ ಹಾಕಿದ. ನಾನು ಮತ್ತೆ ಜೋಡಿಸಿದವುಗಳಲ್ಲಿ ಸರಿಯಾಗಿ ಕೂತದ್ದು ಆ ಮೆಚ್ಚುಗೆಯ ಪ್ಲಗಿನ್ ಒಂದೇ. ಅದು ಫೋಟೋವನ್ನು ಮೊದಲ ಪುಟದಲ್ಲೇ, ದೊಡ್ಡದಾಗಿ ಮೆರೆಸಿತು. ನಾನು ಕೈ ತೊಳೆಯಲು ಹೋದ ಒಂದೇ ಗಳಿಗೆಯಲ್ಲಿ ತೆಗೆದದ್ದಿರಬೇಕು. ಹೊಳೆಯುವ ಕೊಪ್ಪರಿಗೆ, ಕೆಂಪು ಅಕ್ಷರ, ಫೋನ್ ನಂಬರ್, ಎಲ್ಲ ಸ್ಪಷ್ಟ.

ವೆಬ್‌ಸೈಟಿನ ಪಾಸ್‌ವರ್ಡ್ ಈಗ ಮೈಮುನಾಳ ಬಳಿ ಇದೆ. ಅದನ್ನು ಬದಲಾಯಿಸಿ, ನನಗೆ ಹೇಳಬಾರದೆಂದು ಪ್ರಸನ್ನನಿಂದ ಮಾತು ತೆಗೆದುಕೊಂಡಿದ್ದಾಳೆ.

"ಆ ಫೋಟೋ ಒಂದು ತೆಗೆದುಬಿಡು," ಎಂದೆ.

"ಅದನ್ನು ತೆಗೆದ್ರೆ ಜೊತೆಗೆ ಎಂತೆಲ್ಲ ಹೋಗ್ತದೆ, ನಿಮಗೆ ಗೊತ್ತುಂಟಾ?"

"ಇಲ್ಲ."

"ನನಗೂ ಇಲ್ಲ. ಇರ್ಲಿ."

ನಿನ್ನೆ ಹಮೀದಾಕನ ಫೋನ್ ಬಂತು. ಧ್ವನಿಯಲ್ಲಿ ಎಂದೂ ಇಲ್ಲದ ಅಕ್ಕರೆ.

"ಅಬ್ಬಾಸೇ, ನಿನ್ನ ವೆಬ್‌ಸೈಟ್ ಭಾರೀ ಒಳ್ಳೆಯದುಂಟು ಮಾರಾಯ. ಮೂಡುಬಿದಿರೆ, ಬೆಳ್ತಂಗಡಿಯಿಂದೆಲ್ಲ ಅದನ್ನು ನೋಡಿ ನನಗೆ ಫೋನ್ ಮಾಡ್ತಾ ಇದ್ದಾರೆ. ಎಂತ ಆದ್ರೂ ಇನ್ನು ಅದನ್ನು ಮುಟ್ಲಿಕ್ಕೆ ಹೋಗಬೇಡ, ಆಯ್ತಾ?"

ಆಯಿತು, ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಪಾಸ್‌ವರ್ಡ್ ಇಲ್ಲದವನಿಗೆ ಇಷ್ಟು ಸುಲಭದ ಮಾತು ಇನ್ನೊಂದಿಲ್ಲ.