ತಂತಿಯ ಆ ತುದಿಗೆ ಯಾರು?

ಈಗ ಕಂಪ್ಯೂಟರಿನ ಮುಂದೆ ಕುಂತವರು ಯಾರೆಂದು ಅವರ ಬರವಣಿಗೆಯ ಧಾಟಿಯಿಂದಲೇ ಪತ್ತೆ ಹಚ್ಚಲು ನೋಡುತ್ತಿದ್ದಾರಂತೆ. ಎಪ್ಪತ್ತರ ದಶಕದಲ್ಲಿ ಹಾನಗಲ್ಲಿನ ತಾರು ಕಚೇರಿಯಲ್ಲಿ ತಂತಿ ಬಡಿಯುತ್ತಿದ್ದ ನನಗೆ ಅದೇ ನಿತ್ಯದ ಕೆಲಸವಾಗಿತ್ತು. ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಬರೇ ಕಟಕಟ ಸಪ್ಪಳ. ಪ್ರಸಂಗಗಳಿಗೇನು ಕಡಿಮೆ?

ಸವಣೂರು

ಅಲ್ಲಿಯ ತಾರಿನವರು ಸಾವಿನ ಸುದ್ದಿ ಕಳಿಸುವ ಮೊದಲೂ "ಊಟ ಆತ್ರಿ?" ಎಂದು ಕೇಳುವವರು. ಒಂದು ದಿನ ಕೇಳದೇ ತಾರು ಶುರುವಾಯಿತು. ನಾನು ತಡೆದೆ.

"ನೀವು ಯಾರು?"

"ಬದಲಿ ಬಂದೇನ್ರಿ. ಹೆಂಗ ಗೊತ್ತಾತು?"

"ಊಟ ಕೇಳಲಿಲ್ಲ."

"ಊಟ ಆತ್ರಿ?"

"ಈಗ ಕೇಳಿದ್ರ ನಡಿಯಂಗಿಲ್ಲ."

ಶಿಗ್ಗಾಂವಿ

ಅಲ್ಲಿಯ ತಾರಿನವರು ಎಲ್ಲದಕ್ಕೂ 'ದಯಮಾಡಿ' ಸೇರಿಸುವವರು. ತಡಸದ ಮಾವ ಸಿಟ್ಟಿಗೆದ್ದು ಹಾನಗಲ್ಲಿನ ಅಳಿಯನಿಗೆ ಅಲ್ಲಿಂದ ಕೊಟ್ಟ ತಾರು, 'ದಯಮಾಡಿ ನನ್ನ ಮನಿ ಹೊಸ್ತಿಲಾ ತುಳಿಬ್ಯಾಡ' ಎಂದಾಗಿ ಬಂತು. ಅಳಿಯ ಓದಿ ನಕ್ಕ. "ದಯಮಾಡಿ ಅನ್ನಾವಲ್ರಿ ನಮ್ಮ ಮಾವ. ಯಾರೋ ಚಾಷ್ಟಿ ಮಾಡ್ಯಾರ" ಎಂದು ಮುಂದಿನ ಬಸ್ಸಿಗೇ ತಡಸಕ್ಕೆ ಹೊರಟೇಬಿಟ್ಟ.

ಹಿರೇಕೆರೂರು

ಅಲ್ಲಿ ತಾರು ಬಡಿಯುತ್ತಿದ್ದ ಹಿರಿಯರು ನನ್ನಂಥವರೇ. ಒಂದು ಶಬ್ದ ಹೆಚ್ಚಿಗೆ ಆಡುವವರಲ್ಲ. ಆಮೇಲಾಮೇಲೆ ಅವರ ಅಕ್ಷರಗಳು ಒಡೆದು ಬರತೊಡಗಿದವು. "ಕೈ ಮಾತು ಕೇಳವಲ್ದು" ಎಂದು ಒಮ್ಮೆ ಕಳಿಸಿದ್ದರು. ಕೈ ಹೋದವನಿಗೆ ಕೆಲಸವಿಲ್ಲ, ಕೆಲಸ ಹೋದರೆ ಕಚೇರಿಯ ಹಿಂದೆ ಅವರಿಗೆ ಕೊಟ್ಟಿದ್ದ ಎರಡು ಖೋಲಿಯ ಮನೆಯೂ ಇಲ್ಲ.

ಮುಂದೆ ಅಕ್ಷರಗಳು ಒಮ್ಮೆಲೇ ಮುತ್ತಿನಂತಾದವು. ನನಗೆ ಸಂತೋಷವಾಯಿತು. ಆದರೆ ಚಿಕ್ಕೇರೂರಿನ ಒಬ್ಬರ ಸಾವಿನ ತಾರು ಮುಗಿದ ಮೇಲೆ, "ಪಾಪ, ಮಕ್ಕಳು ಸಣ್ಣವಂತ್ರಿ" ಎಂದು ಬಂತು. ಆ ಮನುಷ್ಯ ಜನ್ಮದಲ್ಲಿ 'ಪಾಪ' ಅಂದವರಲ್ಲ.

ಹೊರಗಿನವರು ಯಂತ್ರ ಮುಟ್ಟಿದರೆ ಮೇಲಿನವರಿಗೆ ತಿಳಿಸಬೇಕು, ಅದು ನಿಯಮ. ನಿಯಮ ಮುರಿದವನಲ್ಲ ನಾನು. ಕೇಳಿದೆ: "ಅಲ್ಲಿ ಯಾರು ಕುಂತೀರಿ?"

"ಅವರ ಅದಾರ್ರಿ."

"ಅವರಂದ್ರ? ಹೆಸರು ಕಳಿಸ್ರಿ."

ತಂತಿ ಸುಮ್ಮನಾಯಿತು. ಕಳ್ಳನಾಗಿದ್ದರೆ ಆ ಹಿರಿಯರ ಹೆಸರನ್ನು ಸರಾಗ ಬಡಿದುಬಿಡುತ್ತಿದ್ದ. ಗಂಡನ ಹೆಸರು ಬಾಯಲ್ಲಿ ತರದ ಹೆಣ್ಣುಮಗಳು ಬೆರಳಲ್ಲಾದರೂ ಹೇಗೆ ತಂದಾಳು? ಕಡೆಗೆ ಬಂತು:

"ನೀವ ಹೇಳ್ರಿ. ಹೌದಂತೇನಿ."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಆಮೇಲೆ ಅವರ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಎಲ್ಲವನ್ನೂ ನಾನೇ ಬಡಿದೆ.

"ಹೌದ್ರಿ" ಎಂದು ಬಂತು. ಅದರ ಹಿಂದೆಯೇ:

"ಬಾಜೂಕ ಕುಂತು ಅವರೂ ಹೌದು ಅನ್ನಾಕತ್ತಾರ್ರಿ."