ಸ್ಮಾರ್ಟ್ ಬೋರ್ಡಿಗೆ ಹೊದಿಸಿದ ಕೌದಿಯವರಿಗೆ

ಹದಿನಾರು ಹಳೆಯ ಸೀರೆಗಳಿಂದ ಅವತರಿಸಿ, ನಮ್ಮ ಐದನೆಯ ತರಗತಿಯ ಸ್ಮಾರ್ಟ್ ಬೋರ್ಡನ್ನು ಮಕ್ಕಳಿಂದ ಕಾಪಾಡುತ್ತಿರುವ ಮಾನ್ಯ ಕೌದಿಯವರೇ,

ಸವದತ್ತಿ ತಾಲೂಕಿನ ಹಳ್ಳಿಶಾಲೆಯೊಂದರ ಅತಿಥಿ ಶಿಕ್ಷಕಿಯ ಸವಿನಯ ನಮಸ್ಕಾರಗಳು. ಇದನ್ನು ನಮ್ಮ ಮುಖ್ಯಗುರು ಬಸಯ್ಯನವರಿಗೇ ಹೇಳಬಹುದಿತ್ತು. ಆದರೆ ಅವರೆದುರು ನಿಂತರೆ ನನ್ನ ಬಾಯಿಂದ ‘ಹೂಂ ಸರ್’ ಬಿಟ್ಟು ಬೇರೇನೂ ಹೊರಡುವುದಿಲ್ಲವಾದ್ದರಿಂದ ತಮಗೆ ಬರೆಯುತ್ತಿದ್ದೇನೆ.

ಬೋರ್ಡು ಬಂದ ದಿನವೇ ಗೋಡೆಯ ಕರಿಹಲಗೆ ಇಳಿದು ಬಿಸಿಯೂಟದ ಕೋಣೆಯ ಬಾಗಿಲಾಯಿತು. ಮರುದಿನ ಬಸಯ್ಯನವರು, “ಹುಡುಗೂರ ಕೈಯಾಗ ಎಣ್ಣಿ, ಬೆಲ್ಲ ಎಲ್ಲಾ ಇರತೈತಿ. ಮುಟ್ಟಿ ಹಾಳ ಮಾಡ್ತಾರ, ಮುಚ್ಚರಿ” ಎಂದರು. ಅಡುಗೆಯ ಗುರವ್ವ ತಮ್ಮನ್ನು ಹೊಲಿದು ತಂದು, “ಕೂಸಿಗೆ ಹೊಚ್ಚಿದಂಗ ಹೊಚ್ಚೇನ್ರಿ, ಇನ್ನ ಥಂಡಿ ಹತ್ತಂಗಿಲ್ಲ” ಎಂದಳು. ನಾಲ್ಕು ಮೂಲೆಗೆ ನಾಲ್ಕು ಗಂಟು ಬಿದ್ದವು. ಅಧಿಕಾರಿಗಳು ಬಂದಾಗ ಮಾತ್ರ ತಾವು ಸರಿಯುತ್ತೀರಿ. ಪ್ರತಿ ಸಲವೂ ಅದೇ ಗ್ರಹಗಳ ವಿಡಿಯೊ, ಅದೇ ಫೋಟೊ; ಶನಿಯ ಬಳೆ ಕಂಡ ಕೂಡಲೇ ಬೆರಗಿನಿಂದ ಬಾಯಿ ತೆರೆಯುವುದು ನಮ್ಮ ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬರುತ್ತದೆ.

ತಮ್ಮ ಸೇವೆಯನ್ನು ನಾನು ಮರೆತಿಲ್ಲ. ಉತ್ತರ ಹೇಳಲು ನಿಂತರೆ ತೊದಲುವ ಕಲ್ಮೇಶ ತಮ್ಮ ತುಂಡುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿ ಭಿನ್ನರಾಶಿ ಕಲಿತ. ತಂತ್ರಜ್ಞಾನದ ಸದ್ಬಳಕೆಯ ವರದಿಯಲ್ಲಿ ತಮ್ಮ ಹೆಸರೇ ಮೊದಲು ಬರಬೇಕು; ಬೋರ್ಡಿನದು ಆಮೇಲೆ, ಜಾಗ ಉಳಿದರೆ.

ಆದರೆ ಅದೇ ತರಗತಿಯ ಕೆಂಪವ್ವಳಿಗೆ ತಮ್ಮಿಂದ ಉಪಯೋಗವಾಗುತ್ತಿಲ್ಲ. ಕನ್ನಡಕ ಹಾಕಿದರೂ ಪುಸ್ತಕದ ಸಾಲು ಅವಳಿಗೆ ಇರುವೆಸಾಲು. ಕಳೆದ ಸಲ ಅಧಿಕಾರಿಗಳು ತಡವಾದಾಗ, ನಾನು ಪಾಠದ ಪುಟ ತೆರೆದು, ಎರಡು ಬೆರಳಿನಿಂದ ಅಕ್ಷರಗಳನ್ನು ರೊಟ್ಟಿಯಷ್ಟು ಹಿಗ್ಗಿಸಿದೆ. “ಅಕ್ಕೋರ, ನವಿಲು! ನವಿಲು ಅಂತ ಬರದೈತ್ರಿ!” ಎಂದು ಅವಳು ಬೆಂಚಿನ ಮೇಲೇ ಎದ್ದು ನಿಂತಳು. ಅಷ್ಟರಲ್ಲಿ ಜೀಪು ಬಂತು, ಶನಿ ಬಂದ, ಜೀಪು ಹೋಯಿತು, ತಾವು ಬಂದಿರಿ.

ಮೊನ್ನೆ ಅವಳ ತಾಯಿ ಇಂದ್ರವ್ವ ಬಂದಿದ್ದರು. “ಸೋಮಾರ ಹೆಸರ ತಗಸ್ತೇನ್ರಿ ಅಕ್ಕೋರ. ಅಕ್ಷರ ಕಾಣಲಾರದಾಕಿಗೆ ಸಾಲಿ ಯಾಕರಿ?” ಅವಳು ಓದಿದ್ದನ್ನು ಹೇಳಿದೆ. “ಹಂಗಾರ ಸೋಮಾರ ಹತ್ತಕ್ಕ ಬರ್ತೇನ್ರಿ, ನನ್ನ ಮುಂದ ಓದಲಿ, ನೋಡೂಣು” ಎಂದು ಹೋದರು.

ಆದ್ದರಿಂದ, ಸೋಮವಾರ ಹತ್ತು ಗಂಟೆಗೆ ಇಂದ್ರವ್ವ ಬಾಗಿಲಲ್ಲಿ ನಿಂತಾಗ ತಾವು ದಯಮಾಡಿ ತಾವಾಗಿಯೇ ಕೆಳಗೆ ಜಾರಬೇಕೆಂದು ಪ್ರಾರ್ಥನೆ. ಗಾಳಿಯ ನೆಪ ಹೇಳಬಹುದು. ಮುಪ್ಪಿನ ನೆಪವೂ ನಡೆಯುತ್ತದೆ. ಅದು ನಿಯಮಕ್ಕೆ ವಿರುದ್ಧವೆನಿಸಿದರೆ ಹತ್ತು ನಿಮಿಷ ಕೆಂಪವ್ವಳನ್ನೇ ಅಧಿಕಾರಿಯೆಂದು ಭಾವಿಸಿ. ಫೋಟೊ ಬೇಕಾದರೆ ಬಸಯ್ಯನವರು ತೆಗೆಯಲಿ. ಶನಿಗೆ ಒಂದು ದಿನ ರಜೆ ಕೊಡಲಿ.

ತಮ್ಮ ನಾಲ್ಕೂ ಗಂಟುಗಳ ವಿಶ್ವಾಸಿ,
ಶೈಲಜಾ

ತಾ.ಕ.: ಹತ್ತು ಗಂಟೆ ಐದು ನಿಮಿಷಕ್ಕೂ ತಾವು ಜಾರದಿದ್ದರೆ ಗಂಟುಗಳನ್ನು ನಾನೇ ಬಿಚ್ಚುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ಬಸಯ್ಯನವರ ಮೇಜಿನ ಮೇಲೆ ಇಟ್ಟಿದ್ದೇನೆ. ಇಷ್ಟು ದಿನ ನಮ್ಮ ತರಗತಿಯಲ್ಲಿ ಬಾಯಿಲ್ಲದವರು ನಾವಿಬ್ಬರಿದ್ದೆವು; ಸೋಮವಾರದಿಂದ ತಾವೊಬ್ಬರೇ.